ಯಾವ ‘ನೀವು’?

ಟಿವಿಯಲ್ಲಿ ಚರ್ಚೆ ನಡೆಸುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊನ್ನೆ ನಮ್ಮ ಮನೆಗೆ ಬಂದಿದ್ದಳು. ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳಿದಳು: “ಮೇಡಂ, ಹಿಂದೂ-ಮುಸ್ಲಿಂ ವಿಷಯ ಬಂದಾಗ ಗೆಸ್ಟ್‌ಗಳು ಕಿರುಚಾಡೋಕೆ ಶುರು ಮಾಡಿದ್ರೆ ಹೇಗೆ ಕಂಟ್ರೋಲ್ ಮಾಡ್ತಿದ್ರಿ?”

ಕಿರುಚಾಟಕ್ಕೆ ನಾನು ಯಾವತ್ತೂ ಹೆದರಿದವಳಲ್ಲ ಎಂದೆ. ಕಿರುಚುವವನಿಗೆ ಸ್ವಲ್ಪ ಹೊತ್ತಿನಲ್ಲಿ ಗಂಟಲು ಕಟ್ಟುತ್ತದೆ, ನೀರು ಕುಡಿಯುತ್ತಾನೆ, ಸುಮ್ಮನಾಗುತ್ತಾನೆ. ನನ್ನ ಬೆನ್ನು ನೆಟ್ಟಗಾಗುತ್ತಿದ್ದುದು ಅವರು ವಿನಯದಿಂದ ಮಾತಾಡತೊಡಗಿದಾಗ. ಹುಡುಗಿ ನಕ್ಕಳು. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಳು. ಅವಳು ಹೋದಮೇಲೆ, ಇದನ್ನು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ, ಬರೆದೇ ಬಿಡಬೇಕು ಅನ್ನಿಸಿತು. ಈ ಕೆಲಸ ನನಗೆ ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. ಹಾಗಾಗಿ ಸಂಕೋಚವಿಲ್ಲದೆ ಬರೆಯುತ್ತೇನೆ.

ರಾಮನಗರದಲ್ಲಿ ಒಂದು ಪಾತ್ರೆ ಅಂಗಡಿಯ ಮಹಡಿಯ ಮೇಲೆ ನಮ್ಮ ಕೇಬಲ್ ಚಾನೆಲ್ಲಿನ ಸ್ಟುಡಿಯೊ ಇತ್ತು. ಕೆಳಗೆ ಯಾರಾದರೂ ಕೊಳಗ ಬೀಳಿಸಿದರೆ ಮೇಲೆ ನಮ್ಮ ಮೈಕಿಗೆ ಕೇಳುತ್ತಿತ್ತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಇಷ್ಟು ನಮ್ಮ ಪ್ರಪಂಚ. ಸಂಜೆ ಹೊತ್ತು ಊರಿನ ತಕರಾರುಗಳನ್ನು ಎದುರುಬದುರು ಕೂರಿಸಿ ಮಾತಾಡಿಸುವುದು ನನ್ನ ಕೆಲಸ. ನಾನು ಯಾವಾಗ ಸೇರಿದೆ, ಯಾವಾಗ ಏನಾದೆ ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಸಣ್ಣ ಚಾನೆಲ್ಲಿನಲ್ಲಿ ಹುದ್ದೆಯ ಹೆಸರು ಎಷ್ಟು ಸಲ ಬದಲಾದರೂ ಕಾರ್ಯಕ್ರಮದ ಮೊದಲು ಕುರ್ಚಿಯ ಧೂಳು ಹೊಡೆಯುವವರು ನಾವೇ.

ಬೆಂಗಳೂರಿನ ದೊಡ್ಡ ಚಾನೆಲ್‌ಗಳಿಗೂ ನಮಗೂ ಒಂದು ವ್ಯತ್ಯಾಸವಿತ್ತು. ಅಲ್ಲಿ ಕಿತ್ತಾಡಿದವರು ಕಾರು ಹತ್ತಿ ಬೇರೆ ಬೇರೆ ಕಡೆ ಹೋಗುತ್ತಾರೆ. ನಮ್ಮ ಅತಿಥಿಗಳು ಕಿತ್ತಾಡಿ ಮುಗಿಸಿ ಒಂದೇ ಬಸ್ಸು ಹಿಡಿಯಬೇಕು. ಬಸ್ಸಿನಲ್ಲಿ ಒಬ್ಬರಿಗೆ ಸೀಟು ಸಿಕ್ಕಿ ಇನ್ನೊಬ್ಬರಿಗೆ ಸಿಗದಿದ್ದರೆ, ಕೂತವರು ನಿಂತವರ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ನಮ್ಮ ಕಾರ್ಯಕ್ರಮ ಸರಿಯಾಗಿ ನಡೆಯಿತೋ ಇಲ್ಲವೋ ಎಂದು ನಾನು ಅಳೆಯುತ್ತಿದ್ದುದು ಆ ಚೀಲದಿಂದ. ಎಷ್ಟು ಜನ ನೋಡಿದರು ಎಂಬ ಲೆಕ್ಕ ಮಾಲೀಕರಿಗೆ ಬಿಟ್ಟಿದ್ದೆ.

ಹೊಸಬರಿಗೆ ಮೊದಲ ಮಾತು: ಎರಡೂ ಕಡೆಯವರನ್ನು ಬೇರೆ ಬೇರೆ ಕೋಣೆಯಲ್ಲಿ ಕಾಯಿಸಬೇಡಿ. ಬೇರೆ ಕೂತವರು ಬೇರೆಯಾಗಿಯೇ ಒಳಗೆ ಬರುತ್ತಾರೆ. ನಾನು ಬಿಡದಿಯಿಂದ ತಟ್ಟೆ ಇಡ್ಲಿ ತರಿಸಿ ಎಲ್ಲರನ್ನೂ ಒಂದೇ ಬೆಂಚಿನ ಮೇಲೆ ಕೂರಿಸುತ್ತಿದ್ದೆ. ಚಟ್ನಿ ಒಂದೇ ಪಾತ್ರೆಯಲ್ಲಿ ಇಡುತ್ತಿದ್ದೆ. “ಒಸಿ ಚಟ್ನಿ ಈ ಕಡೆ ತಳ್ಳಿ” ಎಂದು ಒಂದು ಸಲ ಹೇಳಿದವನಿಗೆ ಕ್ಯಾಮೆರಾ ಮುಂದೆ ವಿಷ ಕಾರಲು ನಾಲಿಗೆ ತುಸು ತಡವರಿಸುತ್ತದೆ. ನಂಬದಿದ್ದರೆ ಮಾಡಿ ನೋಡಿ.

ಎರಡನೆಯದು ಕಿವಿಯ ಕೆಲಸ. ವಿನಯಕ್ಕೆ ತನ್ನದೇ ಪದಗಳಿವೆ, ಅವು ಬಂದ ಕೂಡಲೇ ಗುರುತಿಸಬೇಕು. ‘ನಾನೇನೂ ಇವರ ವಿರೋಧಿಯಲ್ಲ’ ಎಂದು ಯಾರಾದರೂ ಶುರು ಮಾಡಿದರೆ ನಾನು ಪೆನ್ನು ಕೆಳಗಿಟ್ಟು ‘ಆದರೆ’ಗೆ ಕಾಯುತ್ತಿದ್ದೆ. ಅದು ಬಂದೇ ಬರುತ್ತಿತ್ತು. ‘ನಮ್ಮ ಮುಸ್ಲಿಂ ಬಾಂಧವರು’ ಎಂದರೆ ಈಗ ಬಾಂಧವರಿಗೆ ಏನೋ ಕಾದಿದೆ ಎಂದು ಅರ್ಥ. ಆ ಕಡೆಯವರು ‘ಬಹುಸಂಖ್ಯಾತ ಸಹೋದರರ ಭಾವನೆಗಳ ಬಗ್ಗೆ ನಮಗೆ ಅಪಾರ ಗೌರವವಿದೆ’ ಎಂದರೂ ಅಷ್ಟೇ, ಆ ಗೌರವದ ಹಿಂದೆ ಹಲ್ಲು ಕಡಿಯುವ ಸದ್ದು ನನಗೆ ಕೇಳುತ್ತಿತ್ತು. ಮನೆಯಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ಈ ಮಾತುಗಳನ್ನು ಬಟ್ಟೆಯ ಹಾಗೆ ಇಸ್ತ್ರಿ ಹಾಕಿಸಿಕೊಂಡು ಸ್ಟುಡಿಯೊಗೆ ತರುತ್ತಾರೆ.

ಹೊಸ ರಸ್ತೆ ಚನ್ನಪಟ್ಟಣದ ಒಳಗೆ ಬಾರದೆ ಊರ ಹೊರಗಿನಿಂದಲೇ ಹಾದುಹೋಗಿ, ಹಳೇ ರಸ್ತೆಯ ಬೊಂಬೆ ಅಂಗಡಿಗಳಿಗೆ ಗಿರಾಕಿ ಕಡಿಮೆಯಾಗಿತ್ತು. ಇದ್ದಬದ್ದ ಒಳ್ಳೇ ಜಾಗ ಯಾರಿಗೆ ಎಂಬ ಮಾತು ಬೆಳೆದು ‘ನಮ್ಮವರು, ಅವರು’ ಎಂಬಲ್ಲಿಗೆ ಬಂದಿತ್ತು. ಆವತ್ತು ಕೂತಿದ್ದವರು ಮಾಗಡಿಯ ಒಬ್ಬ ವಕೀಲರು ಮತ್ತು ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ರಹಮತ್ ಸಾಬ್ರು. ವಕೀಲರು ಎದೆಯ ಮೇಲೆ ಕೈಯಿಟ್ಟು, “ನಾವೆಲ್ಲ ಅಣ್ಣತಮ್ಮಂದಿರ ಹಾಗೆ ಬದುಕಿದವರು” ಎಂದರು. ರಹಮತ್ ಸಾಬ್ರು ಗಾಬರಿಯಾದವರಂತೆ ಕೈ ಅಡ್ಡ ಮಾಡಿ, “ಬ್ಯಾಡಿ ಸ್ವಾಮಿ, ಅಣ್ತಮ್ಮಂದ್ರು ಬ್ಯಾಡಿ. ಅವ್ರು ಕೋರ್ಟ್‌ಗೆ ಹೋಗ್ತಾರೆ, ನಿಮ್ಗೇ ಗೊತ್ತಲ್ಲ. ಪಕ್ಕದ್ ಅಂಗ್ಡಿಯೋರ ತರ ಇದ್ರೆ ಸಾಕು” ಎಂದರು. ವಕೀಲರಿಗೇ ಮೊದಲು ನಗು ಬಂತು. ಅವರ ಬಳಿ ಇದ್ದ ಮುಕ್ಕಾಲು ಕೇಸುಗಳು ಅಣ್ಣತಮ್ಮಂದಿರ ಪಾಲಿನವೇ ಆಗಿದ್ದವು. ಆಮೇಲೆ ಇಬ್ಬರೂ ನೆಟ್ಟಗೆ ಅಂಗಡಿ, ನೆರಳು, ಗಾಡಿ ನಿಲ್ಲಿಸುವ ಜಾಗದ ಬಗ್ಗೆ ಮಾತಾಡಿದರು.

ಹಾಗೆಂದು ಹಳ್ಳಿಮಾತು ಆಡಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿಬಿಡಬೇಡಿ. ಇದೇ ರಹಮತ್ ಸಾಬ್ರನ್ನು ಇನ್ನೊಬ್ಬ ಅತಿಥಿ ‘ಅಲ್ಪಸಂಖ್ಯಾತ ಸಮುದಾಯದ ಮುಖಂಡರೇ’ ಎಂದು ಕರೆದಾಗ ಅವರು ಯಾರಪ್ಪಾ ಅದು ಎಂದು ಹಿಂದಕ್ಕೆ ತಿರುಗಿ ನೋಡಿದ್ದರು. ‘ಸಾಬ್ರೇ’ ಎಂದರೇನೇ ಅವರಿಗೆ ಸಮಾಧಾನ. ಆದರೆ ಕನಕಪುರದ ಕಾಲೇಜಿನಲ್ಲಿ ಪಾಠ ಹೇಳುವ ಒಬ್ಬ ಮುಸ್ಲಿಂ ಮೇಡಂ, “ನನ್ನನ್ನ ಯಾರಾದ್ರೂ ಸಾಬ್ರು ಅಂದ್ರೆ ಎದ್ದು ಹೋಗ್ತೀನಿ, ನನಗೊಂದು ಹೆಸರಿದೆ” ಎಂದು ಖಡಾಖಂಡಿತವಾಗಿ ಹೇಳಿದ್ದರು. ಅವರು ಹೇಳಿದ್ದೂ ಸರಿ, ಇವರು ಹೇಳಿದ್ದೂ ಸರಿ. ಅಂದಿನಿಂದ ನಾನು ದೀಪ ಹಾಕುವ ಮೊದಲು ಪ್ರತಿಯೊಬ್ಬರನ್ನೂ, “ನಿಮ್ಮನ್ನ ಏನಂತ ಕರೀಬೇಕು?” ಎಂದು ಎಲ್ಲರೆದುರಿಗೇ ಕೇಳುತ್ತಿದ್ದೆ. ಉತ್ತರ ಉಳಿದವರ ಕಿವಿಗೂ ಬೀಳಲಿ ಎಂಬುದು ನನ್ನ ಉದ್ದೇಶ.

ನಮ್ಮ ಮಾಲೀಕ ರಾಜಣ್ಣ ಕಂಬ ಹತ್ತಿ ಕೇಬಲ್ ಎಳೆದು ಮೇಲೆ ಬಂದವರು. ಒಳ್ಳೆಯ ಮನುಷ್ಯ, ಆದರೆ ದೂರು ಎಂದರೆ ಜೀವ ಹೋದ ಹಾಗೆ ಆಡುತ್ತಿದ್ದರು. ಒಂದು ದಿನ ನಮ್ಮ ಅತಿಥಿಯೊಬ್ಬರು ಇನ್ನೊಬ್ಬರಿಗೆ ‘ಏನಯ್ಯಾ’ ಎಂದುಬಿಟ್ಟರು. ಅಂದವರು ಗೌಡರು, ಅನ್ನಿಸಿಕೊಂಡವರು ಮುಸ್ಲಿಮರು. ಇಬ್ಬರೂ ಹಳೇ ಪರಿಚಯ, ಅವರಿಗೆ ಏನೂ ಅನ್ನಿಸಲಿಲ್ಲ. ನೋಡಿದ ಯಾರಿಗೋ ಅನ್ನಿಸಿತು. ನಾಲ್ಕು ಕಡೆಯಿಂದ ಫೋನು ಬಂತು. ಮಾರನೆಯ ದಿನ ಸ್ಟುಡಿಯೊದ ಬಾಗಿಲಿಗೆ ಒಂದು ಬೋರ್ಡು ನೇತಾಡುತ್ತಿತ್ತು: ‘ಇಲ್ಲಿ ಬಹುವಚನ ಕಡ್ಡಾಯ.’

“ರಾಜಣ್ಣ, ನಮ್ ಕಡೆ ಹೆತ್ತ ತಾಯೀನೂ ನೀನು ಅಂತಲೇ ಅನ್ನೋದು. ಇದು ನಡೆಯಲ್ಲ” ಎಂದೆ.

“ಜಯಕ್ಕಾ, ಹೆತ್ತ ತಾಯಿ ಟಿವೀಲಿ ಚರ್ಚೆಗೆ ಬರಲ್ಲ” ಎಂದರು ಅವರು. “ಎಲ್ಲಾರೂ ಎಲ್ಲಾರ್ಗೂ ನೀವು ಅನ್ಲಿ, ತಾವು ಅನ್ಲಿ. ಮರ್ಯಾದೆ ಕೊಟ್ರೆ ಯಾರು ಜಗಳ ಆಡ್ತಾರೆ ಹೇಳು?”

ಬೋರ್ಡು ಅಲ್ಲೇ ಉಳಿಯಿತು. ನಾನು ಸುಮ್ಮನಿದ್ದೆ ಎಂದುಕೊಳ್ಳಬೇಡಿ. ಸಿಕ್ಕಾಗಲೆಲ್ಲ ತಗಾದೆ ತೆಗೆಯುತ್ತಿದ್ದೆ, ಅವರು ಸಿಕ್ಕಾಗಲೆಲ್ಲ ತಪ್ಪಿಸಿಕೊಳ್ಳುತ್ತಿದ್ದರು.

ಇನ್ನು ಮುಖ್ಯ ಪ್ರಸಂಗಕ್ಕೆ ಬರುತ್ತೇನೆ. ಒಂದು ಬೆಳಿಗ್ಗೆ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಜಗಳವಾಯಿತು. ಗೂಡು ತಂದಿದ್ದ ಒಬ್ಬ ರೈತನಿಗೂ, ಗೂಡು ಕೊಂಡು ನೂಲು ಬಿಚ್ಚುವ ರೀಲರ್ ಒಬ್ಬರ ಕಡೆಯವನಿಗೂ. ಪರೀಕ್ಷೆ ಮಾಡಲು ಕೈಗೆತ್ತಿಕೊಂಡ ಗೂಡನ್ನು ವಾಪಸು ಹಾಕಲಿಲ್ಲ ಎಂಬುದು ತಕರಾರು. ಇಂಥದು ಅಲ್ಲಿ ದಿನಾ ನಡೆಯುತ್ತದೆ, ಬೈದುಕೊಳ್ಳುತ್ತಾರೆ, ಮರೆಯುತ್ತಾರೆ. ಆವತ್ತು ರೈತನ ಕೆನ್ನೆಗೆ ಒಂದೇಟು ಬಿತ್ತು, ಯಾರೋ ಅದನ್ನು ಫೋನಿನಲ್ಲಿ ತೆಗೆದರು. ನಮ್ಮ ಕಡೆ ಗೂಡು ಬೆಳೆಯುವವರಲ್ಲಿ ಹೆಚ್ಚಿನವರು ಹಿಂದೂ ರೈತರು, ಕೊಳ್ಳುವ ರೀಲರ್‌ಗಳಲ್ಲಿ ಹೆಚ್ಚಿನವರು ಮುಸ್ಲಿಮರು. ಮಧ್ಯಾಹ್ನದ ಹೊತ್ತಿಗೆ ಹೊಡೆದವನ ಹೆಸರು ಯಾರಿಗೂ ಬೇಕಿರಲಿಲ್ಲ. ಫೋನಿನಿಂದ ಫೋನಿಗೆ ‘ಅವರಿಗೆ ಗೂಡು ಕೊಡಬೇಡಿ’ ಎಂದು ಒಂದು ಕಡೆ, ‘ಅವರ ಗೂಡು ಮುಟ್ಟಬೇಡಿ’ ಎಂದು ಇನ್ನೊಂದು ಕಡೆ ಓಡಾಡತೊಡಗಿತು.

ರೇಷ್ಮೆ ಗೂಡು ಮನುಷ್ಯರ ಕೋಪ ಇಳಿಯಲಿ ಎಂದು ಕಾಯುವುದಿಲ್ಲ. ಕೆಲವೇ ದಿನಗಳಲ್ಲಿ ಮಾರದಿದ್ದರೆ ಒಳಗಿನ ಹುಳು ಚಿಟ್ಟೆಯಾಗಿ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲಾಗದು. ಆ ಕಡೆ ಗೂಡು ಬರದಿದ್ದರೆ ರೀಲರ್‌ಗಳು ಗೂಡು ಬೇಯಿಸುವ ಬಾಣಲೆ ತಣ್ಣಗಾಗುತ್ತದೆ, ಅಲ್ಲಿ ನೂಲು ತೆಗೆಯುವ ಹೆಂಗಸರು ಮನೆಗೆ ಹೋಗಬೇಕು. ಆ ಹೆಂಗಸರಲ್ಲಿ ಎರಡೂ ಧರ್ಮದವರಿದ್ದರು. ನಾನೇ ಕನಕಪುರದ ಹತ್ತಿರದ ಹುಳು ಸಾಕುವ ಮನೆಯವಳು. ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ತಿಪ್ಪಸಂದ್ರದ ಸಿದ್ದೇಗೌಡರು ಒಂದು ಮಾತು ಹೇಳಿದರೆ ಆ ಸುತ್ತಿನ ರೈತರು ಕೇಳುತ್ತಿದ್ದರು. ರಾಮನಗರದ ರೀಲರ್ ಚಾಂದ್ ಪಾಷಾ ಹೇಳಿದರೆ ಉಳಿದ ರೀಲರ್‌ಗಳು ಕೇಳುತ್ತಿದ್ದರು. ಇಬ್ಬರೂ ಒಂದೇ ವಯಸ್ಸಿನವರು, ತುಂಬ ವರ್ಷಗಳ ಗೆಳೆಯರು. ಗೌಡರ ಗೂಡು ಮಾರುಕಟ್ಟೆಗೆ ಬಂದರೆ ಪಾಷಾ ಬೇರೆ ಯಾವುದನ್ನೂ ನೋಡುವ ಮೊದಲು ಅಲ್ಲಿಗೆ ಹೋಗುತ್ತಿದ್ದರು. ಈ ಇಬ್ಬರನ್ನು ಒಟ್ಟಿಗೆ ಟಿವಿಯಲ್ಲಿ ಕೂರಿಸಿದರೆ ಮಾರುಕಟ್ಟೆ ಮತ್ತೆ ನಡೆಯುತ್ತದೆ ಎಂದು ನಾನು ಲೆಕ್ಕ ಹಾಕಿದೆ. ಇಬ್ಬರನ್ನೂ ಕರೆಸಿದೆ.

ಬೆಂಚಿನ ಮೇಲೆ ಇಡ್ಲಿ ತಿನ್ನುವಾಗ ಇಬ್ಬರೂ ಸ್ವಲ್ಪ ಬಿಗಿಯಾಗಿಯೇ ಇದ್ದರು. ಆದರೂ ಮಾತು ಹಳೆಯದೇ.

“ಏನ್ಲಾ ಪಾಷಾ, ಬಿಳೀ ಸರ್ಟು! ಮದ್ವೆ ಏನ್ಲಾ ನಿಂದು?” ಎಂದರು ಗೌಡರು.

“ಟಿವೀಲಿ ನಿನ್ ಪಕ್ಕ ಕೂರ್ಬೇಕಲ್ಲ, ಒಬ್ನಾದ್ರೂ ನೋಡೋಹಂಗಿರ್ಲಿ ಅಂತ” ಎಂದರು ಪಾಷಾ.

ನನಗೆ ಧೈರ್ಯ ಬಂತು. ಆಮೇಲೆ ರಾಜಣ್ಣ ಬಂದು ಇಬ್ಬರಿಗೂ ಕೈ ಮುಗಿದು, ಬಾಗಿಲ ಬೋರ್ಡು ತೋರಿಸಿ, “ದೊಡ್ಡೋರು ನೀವು. ಊರೆಲ್ಲ ನೋಡ್ತಾ ಇರ್ತದೆ. ಒಸಿ ಮರ್ಯಾದೆ ಮಾತು ಆಡ್ಬೇಕು” ಎಂದು ವಿನಂತಿ ಮಾಡಿಕೊಂಡರು. ಇಬ್ಬರೂ ಗಂಭೀರವಾಗಿ ತಲೆಯಾಡಿಸಿದರು.

ದೀಪ ಹತ್ತಿತು. ನಾನು ಮಾರುಕಟ್ಟೆಯ ಜಗಳದ ಬಗ್ಗೆ ಕೇಳಿದೆ. ಸಿದ್ದೇಗೌಡರು ಗಂಟಲು ಸರಿಮಾಡಿಕೊಂಡು, ಪಾಷಾ ಅವರ ಕಡೆ ತಿರುಗಿ, ಯಾವತ್ತೂ ಆಡದ ಧಾಟಿಯಲ್ಲಿ ಹೇಳಿದರು: “ಚಾಂದ್ ಪಾಷಾ ಅವರೇ, ತಮ್ಮಲ್ಲಿ ನಾನು ಕೇಳೋದಿಷ್ಟೇ. ಇಷ್ಟು ವರ್ಷ ನಿಮ್ಮನ್ನ ನಂಬಿಕೊಂಡು ಬಂದಿದ್ದೀವಿ. ಈಗ ನೀವು ಹಿಂಗೆ ಮಾಡಬೋದಾ?”

ಒಂದು ಕೆಟ್ಟ ಪದವಿಲ್ಲ, ದನಿ ಏರಿಲ್ಲ. ಆದರೆ ಪಾಷಾ ಅವರ ಮುಖ ಬಿಳುಚಿಕೊಂಡಿತು. ಅವರು ಇನ್ನೂ ವಿನಯವಾಗಿ ಉತ್ತರಿಸಿದರು: “ಸಿದ್ದೇಗೌಡರೇ, ತಾವು ದೊಡ್ಡೋರು. ನಾವು ಹಿಂಗೇ ಅಂತ ತಾವೇ ತೀರ್ಮಾನ ಮಾಡಿದ ಮೇಲೆ ನಾವು ಇಲ್ಲಿ ಕೂತು ಏನು ಮಾಡೋಣ? ಅಪ್ಪಣೆ ಕೊಡಿ.” ಎದ್ದು, ಮೈಕು ಬಿಚ್ಚಿ ಮೇಜಿನ ಮೇಲೆ ಮೆಲ್ಲಗಿಟ್ಟು, ಎಲ್ಲರಿಗೂ ಕೈಮುಗಿದು ಹೊರಟುಹೋದರು.

ರಾಜಣ್ಣ ಹೊರಗಿನಿಂದ ಓಡಿಬಂದರು. “ನೋಡಿದ್ಯಾ ಜಯಕ್ಕ, ಎಷ್ಟು ಡೀಸೆಂಟಾಗಿ ಆಯ್ತು! ಒಂದು ಕಂಪ್ಲೇಂಟು ಬರಲ್ಲ” ಎಂದರು. ಅವರು ಹೇಳಿದ್ದು ನಿಜ, ಒಂದು ದೂರೂ ಬರಲಿಲ್ಲ. ಬಂದದ್ದು ಬೇರೆ. ಗೌಡರು ‘ನೀವು ಹಿಂಗೆ ಮಾಡಬೋದಾ’ ಎಂದಷ್ಟನ್ನೇ ಕತ್ತರಿಸಿ, ಪಾಷಾ ಎದ್ದು ಹೋಗುವುದನ್ನು ಅದಕ್ಕೆ ಅಂಟಿಸಿ ಎರಡೂ ಕಡೆಯವರು ಹಂಚಿದರು. ಮರುದಿನ ಮಾರುಕಟ್ಟೆಗೆ ಮಾಮೂಲಿ ರೀಲರ್‌ಗಳಲ್ಲಿ ಅರ್ಧಕ್ಕರ್ಧ ಜನ ಬರಲಿಲ್ಲ. ತಂದಿದ್ದ ಗೂಡನ್ನು ರೈತರು ವಾಪಸು ಹೊತ್ತುಕೊಂಡು ಹೋದರು.

ಸಿದ್ದೇಗೌಡರು ಫೋನು ಮಾಡಿದರು. ದನಿ ಕುಸಿದಿತ್ತು.

“ನಾನೇನಂದೆ ಕಣವ್ವ? ಒಂದು ಬೈಗುಳ ಬೈದ್ನಾ? ಮರ್ವಾದಿಯಾಗೇ ಕೇಳಿದ್ನಲ್ಲ!”

“ನೀವು ಹಿಂಗೆ ಮಾಡಬೋದಾ ಅಂದ್ರಲ್ಲ ಗೌಡ್ರೇ, ಏನು ಮಾಡಿದ್ದು ಅವರು?”

“ಅಯ್ಯೋ, ಆ ಜಗಳ ಆದ್ ದಿನ ಸಂಜೆ ಒಂದು ಫೋನ್ ಮಾಡ್ಬೇಕಾ ಬ್ಯಾಡ್ವಾ ಅವ್ನು? ನಮ್ಮೂರ್ ಹುಡ್ಗುನ್ಗೆ ಏಟ್ ಬಿದ್ದೈತೆ. ಬೇರೆಯೋರು ಬುಡ್ಲಿ, ಅವ್ನಾದ್ರೂ ಕೇಳ್ಬೇಡ್ವಾ? ಅದುನ್ನ ಕೇಳ್ದೆ ನಾನು. ಇನ್ನೇನ್ ಕೇಳ್ದೆ?” ಎಂದರು. ಅವರ ಮನೆಯಲ್ಲಿ ಬಲಿತ ಗೂಡನ್ನು ಬಿದಿರು ತಟ್ಟೆಯಿಂದ ಬಿಡಿಸುವ ಹೊತ್ತಾಗಿತ್ತು. ಅದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಪಾಷಾ ಎದ್ದು ಹೋದದ್ದನ್ನೇ ಹೇಳಿಕೊಂಡರು.

ನಾನು ಫೋನು ಇಟ್ಟು ನೇರ ಪಾಷಾ ಅವರ ಕಾರ್ಖಾನೆಗೆ ಹೋದೆ. ಒಂದೇ ಒಂದು ಬಾಣಲೆಯಲ್ಲಿ ಹಬೆ ಏಳುತ್ತಿತ್ತು, ಉಳಿದವು ಖಾಲಿ. ಬೆಂದ ಹುಳುವಿನ ವಾಸನೆ ಮಾತ್ರ ಎಂದಿನಂತೆ ತುಂಬಿಕೊಂಡಿತ್ತು. ಪಾಷಾ ಕುರ್ಚಿ ಹಾಕಿಸಿದರು, ನೀರು ಕೊಟ್ಟರು.

“ಅವ್ನು ನನ್ಗೆ ಹುಡುಗ್ರಾಗಿದ್ದಾಗಿಂದ ನೀನು ಅಂತಾನೆ ಮೇಡಂ” ಎಂದರು. “ನಿನ್ನೆ ನೀವು ಅಂದ. ಅವ್ನು ನೀವು ಅಂದಾಗ ಆ ಕುರ್ಚೀಲಿ ನಾನ್ ಇರ್ನಿಲ್ಲ. ನಮ್ ಜಮಾತ್‌ನೋರೆಲ್ಲ ಇದ್ರು, ಹೊಡ್ದೋನೂ ಇದ್ದ, ನಮ್ ಅಪ್ಪ ತಾತಾನೂ ಇದ್ರು. ನೀವೆಲ್ಲಾ ಹಿಂಗೇನೇ ಅಂದ್ಬುಟ್ಟ ಅವ್ನು. ಬೇರೆ ಯಾರಂದಿದ್ರೂ ತಡ್ಕೋತಿದ್ದೆ.”

ಆಗ ನನಗೆ ಪೂರ್ತಿ ಹೊಳೆಯಿತು, ಸಿಟ್ಟೂ ಬಂತು. ನಮ್ಮ ಭಾಷೆಯಲ್ಲಿ ಒಬ್ಬರಿಗೆ ಮರ್ಯಾದೆ ಕೊಟ್ಟರೂ ‘ನೀವು’, ಒಂದು ಗುಂಪನ್ನು ಬೈದರೂ ‘ನೀವು’. ಮನೆಯಂಗಳದಲ್ಲಿ ಯಾರೂ ಎಡವುವುದಿಲ್ಲ. ಎರಡು ಧರ್ಮದವರನ್ನು ಎದುರುಬದುರು ಕೂರಿಸಿ, ಹೊರಗೆ ಅಷ್ಟು ಗಲಾಟೆ ಇಟ್ಟುಕೊಂಡು, ಹುಡುಗನಾಗಿದ್ದಾಗಿನಿಂದ ‘ನೀನು’ ಅಂದವನ ಬಾಯಲ್ಲಿ ‘ನೀವು’ ಹೇಳಿಸಿದರೆ ಕೇಳಿದವನಿಗೆ ಮರ್ಯಾದೆ ಎಲ್ಲಿ ಕಾಣುತ್ತದೆ? ‘ಬಹುವಚನ ಕಡ್ಡಾಯ’ ಎಂದು ಬಾಗಿಲಿಗೆ ನೇತುಹಾಕಿದ್ದೆವಲ್ಲ, ಒಬ್ಬ ಮನುಷ್ಯನನ್ನು ಬಹುವಚನ ಮಾಡಿಯೇ ಬಿಟ್ಟಿದ್ದೆವು.

ಗೌಡರು ಹೇಳಿದ್ದೇನು ಎಂಬುದನ್ನು ಪಾಷಾ ಅವರಿಗೆ ವಿವರಿಸಿದೆ.

“ನೀವು ಹೇಳಿದ್ರೆ ನಾನ್ ನಂಬ್ತೀನಿ. ಆದ್ರೆ ಊರೆಲ್ಲ ಕೇಳಿದ್ದು ಅವ್ನ್ ಮಾತು. ಈಗ ನಾನ್ ಹೋಗಿ ಅವ್ನ್ ಗೂಡ್ ಹಿಡುದ್ರೆ ನಮ್ಮೋರು ನನ್ ಮುಖಕ್ಕೆ ಉಗೀತಾರೆ. ಅದೇ ಟಿವೀಲಿ, ಅವ್ನ್ ಬಾಯಲ್ಲೇ ಬರ್ಲಿ” ಎಂದರು.

ರಾಜಣ್ಣನಿಗೆ ಇನ್ನೊಂದು ಕಾರ್ಯಕ್ರಮ ಮಾಡುತ್ತೇನೆ, ನೇರ ಪ್ರಸಾರ, ಬೋರ್ಡು ತೆಗೆಸಿ ಎಂದೆ. ಅವರು ಬೆಚ್ಚಿದರು. “ಗೌಡ್ರು ಟಿವೀಲಿ ಸಾಬ್ರಿಗೆ ಏನ್ಲಾ ಅಂದ್ರೆ ಏನಾಗ್ತದೆ ಗೊತ್ತಾ? ಸಾಬ್ರು ಗೌಡ್ರಿಗೆ ಅಂದ್ರೆ? ನೀನ್ ಹೇಳೋ ಹಳೇ ಸ್ನೇಹ ಬೆಂಗಳೂರಲ್ಲಿ ಕೂತು ಫೋನ್ ನೋಡೋನಿಗೆ ಗೊತ್ತಾ ಜಯಕ್ಕ?”

ಅವರ ಹೆದರಿಕೆ ಪೂರ್ತಿ ಸುಳ್ಳಲ್ಲ. ‘ನೀವು’ ಎಂದರೆ ಒಂದು ಪೇಚು, ‘ನೀನು’ ಎಂದರೆ ಇನ್ನೊಂದು. ಇಬ್ಬರಿಗೂ ಹೀಗೆ ಮಾತಾಡಿ ಎಂದು ಹೇಳಿಕೊಡುವುದೂ ತಪ್ಪು, ಹೇಳಿಕೊಟ್ಟ ಮಾತು ನಾಟಕದ ಮಾತಾಗುತ್ತದೆ. ನಾನು ಅವರಿಗೆ ಏನನ್ನೂ ಹೇಳಿಕೊಡುವುದಿಲ್ಲ, ನಾನೊಂದು ಪ್ರಶ್ನೆ ಮಾತ್ರ ಕೇಳುತ್ತೇನೆ ಎಂದು ತೀರ್ಮಾನಿಸಿದೆ. ರಾಜಣ್ಣ ಕೊನೆಗೆ, “ಏನಾದ್ರೂ ಆದ್ರೆ ನಿನ್ ತಲೆ ಮೇಲೆ” ಎಂದರು. “ನನ್ ತಲೆ ಗಟ್ಟಿಯಾಗೇ ಇದೆ” ಎಂದು ನಾನೇ ಬೋರ್ಡು ತೆಗೆದು ಮೂಲೆಗಿಟ್ಟೆ.

ಎರಡನೆಯ ಕಾರ್ಯಕ್ರಮದ ಸಂಜೆ ಬೆಂಚಿನ ಮೇಲೆ ಯಾರೂ ಇಡ್ಲಿ ಮುಟ್ಟಲಿಲ್ಲ. ಪಾಷಾ ಬಾಗಿಲ ಹತ್ತಿರ ನಿಂತಿದ್ದರು, ಗೌಡರು ಕಿಟಕಿಯ ಹತ್ತಿರ. ಕೆಳಗೆ ಪಾತ್ರೆ ಅಂಗಡಿಯ ಮುಂದೆ ರೈತರು ಒಂದಿಷ್ಟು ಜನ, ರೀಲರ್‌ಗಳು ಒಂದಿಷ್ಟು ಜನ ಬೇರೆ ಬೇರೆಯಾಗಿ ನಿಂತು ಅಂಗಡಿಯವರ ಟಿವಿ ನೋಡಲು ಕಾಯುತ್ತಿದ್ದರು. ಗೌಡರ ಮನೆಯಲ್ಲಿ ಗೂಡು ಬಿಡಿಸಿಯಾಗಿತ್ತು. ಇನ್ನು ತಡಮಾಡುವಂತಿರಲಿಲ್ಲ.

ನಾನು ಪೀಠಿಕೆ ಹಾಕಲಿಲ್ಲ. “ಸಿದ್ದೇಗೌಡ್ರೇ, ಮೊನ್ನೆ ಕೇಳಿದ್ದನ್ನ ಇನ್ನೊಂದು ಸಲ ಕೇಳಿ” ಎಂದೆ.

ಅವರು ಮತ್ತೆ ಗಂಟಲು ಸರಿಮಾಡಿಕೊಂಡರು. “ಪಾಷಾ ಅವರೇ, ನೀವು ಹಿಂಗೆ...”

“ನಿಲ್ಲಿಸಿ ಗೌಡ್ರೇ. ಯಾವ ನೀವು?”

ಅವರು ನನ್ನನ್ನು ನೋಡಿದರು. “ಅಂದ್ರೆ?”

“ಒಬ್ಬರಾ, ಎಲ್ಲಾರಾ? ನೀವು ಅಂದಿದ್ದು ಇಲ್ಲಿ ಕೂತಿರೋ ಪಾಷಾಗಾ, ರೀಲರ್‌ಗಳಿಗೆಲ್ಲಾನಾ, ಮುಸ್ಲಿಮರಿಗೆಲ್ಲಾನಾ? ಬಿಡಿಸಿ ಹೇಳಿ. ಜನ ಕೇಳ್ತಾ ಇದ್ದಾರೆ.”

ನೇರ ಪ್ರಸಾರದಲ್ಲಿ ಮೌನ ಎಂದರೆ ಮಾಲೀಕರಿಗೆ ಎದೆಬಡಿತ. ಗಾಜಿನ ಆಚೆ ರಾಜಣ್ಣ ಕೈ ಆಡಿಸುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ಹೊಸಬರಿಗೆ ಇನ್ನೊಂದು ಮಾತು: ಒಳ್ಳೆಯ ಪ್ರಶ್ನೆ ಕೇಳಿದ ಮೇಲೆ ಅದರ ಮೇಲೆ ಇನ್ನೊಂದು ಪ್ರಶ್ನೆ ಸುರಿಯಬೇಡಿ.

ಸಿದ್ದೇಗೌಡರು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. ಆಮೇಲೆ ಕ್ಯಾಮೆರಾ ಇದೆ ಎಂಬುದನ್ನು ಬಿಟ್ಟು ನನ್ನ ಕಡೆ ತಿರುಗಿ, ಪಾಷಾ ಅವರ ಕಡೆ ಬೆರಳು ಮಾಡಿದರು.

“ಇವ್ನೊಬ್ನೇ ಕಣವ್ವ. ಎಲ್ಲಾರ್ನೂ ಕಟ್ಕೊಂಡ್ ನನ್ಗೇನು? ಹೊಡ್ದೋನ್ ಮ್ಯಾಲೆ ನನ್ಗೆ ಸಿಟ್ಟಿಲ್ಲ, ಅವ್ನ್ ಯಾರೋ ಏನೋ. ಇವ್ನ್ ಮ್ಯಾಲೈತೆ ಸಿಟ್ಟು. ಆವತ್ ಸಂಜೆ ಇವ್ನ್ ಫೋನ್ ಮಾಡ್ತಾನೆ ಅಂತ ಕಾದೆ. ಮಾಡ್ನಿಲ್ಲ. ಅದುನ್ನ ಕೇಳ್ದೆ ನಾನು, ಅಷ್ಟೇಯ.”

ಪಾಷಾ ನನ್ನನ್ನು ನೋಡಲಿಲ್ಲ, ನೇರ ಗೌಡರನ್ನೇ ನೋಡಿದರು.

“ಮಾಡಾಣ ಅಂತ ಫೋನ್ ಕೈಗ್ ತಕ್ಕೊಂಡೆ ಕಣ್ ಗೌಡ. ನೀನ್ ಎತ್ದೇ ಹೋದ್ರೆ ಅನ್ಸ್ತು. ಎತ್ತಿ, ‘ಹೇಳಿ ಪಾಷಾ ಅವರೇ’ ಅಂದ್ಬುಟ್ರೆ? ಆ ಭಯಕ್ಕೆ ಮಾಡ್ನಿಲ್ಲ.”

“ನಿನ್ಗೆ ಅವರೇ ಅಂತೀನೇನ್ಲಾ ನಾನು?”

“ಅಂದ್ಯಲ್ಲ.”

ಗೌಡರು ತಲೆ ತಗ್ಗಿಸಿದರು. ಅಷ್ಟು ದೊಡ್ಡ ಆಳು, ಹತ್ತಾರು ಹಳ್ಳಿಗಳ ಪಂಚಾಯ್ತಿ ಮಾಡಿದವರು, ಊರೆಲ್ಲ ನೋಡುತ್ತಿರುವಾಗ ಅಲ್ಲೇ ಕೂತು ಹೇಳಿದರು: “ಅಂದೆ. ತಪ್ಪಾಯ್ತು ಕಣ್ಲಾ.”

ನನ್ನ ಕಣ್ಣಲ್ಲಿ ನೀರು ಬಂತು, ಮರೆಮಾಚುವುದೇನಿದೆ. ಅಷ್ಟು ವರ್ಷ ಆ ಕುರ್ಚಿಯಲ್ಲಿ ಕೂತು ಎಷ್ಟೋ ಕ್ಷಮಾಪಣೆಗಳನ್ನು ಕೇಳಿದ್ದೆ. ಎಲ್ಲವೂ ‘ಯಾರ ಮನಸ್ಸಿಗಾದರೂ ನೋವಾಗಿದ್ದರೆ’ ಎಂಬ ಜಾತಿಯವು. ಒಬ್ಬರು ಇನ್ನೊಬ್ಬರಿಗೆ, ಎದುರಿಗೆ, ಏಕವಚನದಲ್ಲಿ ತಪ್ಪಾಯ್ತು ಎಂದದ್ದನ್ನು ನಮ್ಮ ಸ್ಟುಡಿಯೊ ಅದೇ ಮೊದಲ ಸಲ ಕೇಳಿತು. ಕಾರ್ಯಕ್ರಮ ಮುಗಿಸುವಾಗ ಪಾಷಾ, ಹೊಡೆದ ಹುಡುಗನನ್ನು ತಾವೇ ತಿಪ್ಪಸಂದ್ರಕ್ಕೆ ಕರೆದುಕೊಂಡು ಬಂದು ಏಟು ತಿಂದವನ ಮನೆಯಲ್ಲಿ ಮಾತಾಡಿಸುತ್ತೇನೆ ಎಂದರು. ನಾಳೆ ಗೂಡು ತರುತ್ತೇನೆ ಎಂದು ಗೌಡರು ಹೇಳಿದರು.

ದೂರುಗಳು ಬಂದವು, ಬರದೆ ಇರುತ್ತವೆಯೇ? ಗೌಡರಿಗೆ ‘ಗೌಡ’ ಎಂದದ್ದು ಸರಿಯಲ್ಲ ಎಂದು ಕೆಲವರು, ಪಾಷಾ ಅವರಿಗೆ ‘ಲಾ’ ಎಂದದ್ದು ಸರಿಯಲ್ಲ ಎಂದು ಕೆಲವರು. ರಾಜಣ್ಣ ಫೋನನ್ನು ನನ್ನ ಕೈಗೇ ಕೊಟ್ಟುಬಿಟ್ಟರು. ‘ಅನ್ನಿಸಿಕೊಂಡವರು ಹೇಳಲಿ, ಆಗ ನೋಡೋಣ’ ಎಂದು ಪ್ರತಿಯೊಬ್ಬರಿಗೂ ಉತ್ತರ ಕೊಟ್ಟೆ.

ಆದರೂ ಟಿವಿಯ ಮಾತು ಮಾರುಕಟ್ಟೆಯ ಒಳಗೆ ನಡೆಯುತ್ತದೋ ಇಲ್ಲವೋ ಎಂಬ ಕಳವಳ ನನಗಿತ್ತು. ಮಾರನೆಯ ಬೆಳಿಗ್ಗೆ ಕ್ಯಾಮೆರಾ ಇಲ್ಲದೆ, ಒಬ್ಬಳೇ ಹೋಗಿ ರಸ್ತೆಯ ಆಚೆ ನಿಂತೆ. ಗೇಟಿನ ಬಳಿ ರೀಲರ್‌ಗಳು ಗುಂಪಾಗಿ ಬಂದಿದ್ದರು. ಒಳಗೆ ಹೋಗುವುದೋ ಬೇಡವೋ ಎಂದು ಯಾರೂ ಹೆಜ್ಜೆ ಕಿತ್ತಿಡದೆ ಪಾಷಾ ಅವರನ್ನು ನೋಡುತ್ತಿದ್ದರು. ಸಿದ್ದೇಗೌಡರ ಟೆಂಪೊ, ಅದರ ಹಿಂದೆ ಇನ್ನೂ ಎರಡು ಮೂರು ಟೆಂಪೊಗಳು ತಿರುವಿನಲ್ಲಿ ಕಾಣಿಸಿಕೊಂಡವು. ಪಾಷಾ ತಮ್ಮವರೆಲ್ಲರ ಮುಂದೆ ಬಂದು ನಿಂತು, ಸೊಂಟದ ಮೇಲೆ ಕೈಯಿಟ್ಟು, ರಸ್ತೆಯ ಆಚೆ ನಿಂತಿದ್ದ ನನಗೂ ಕೇಳುವಷ್ಟು ಜೋರಾಗಿ ಕೂಗಿದರು:

“ಲೇ ಗೌಡಾ, ಇಷ್ಟೊತ್ತೇನ್ಲಾ ಬರೋದು?”